ನನಗೆ ನೋಟಿಸ್ ಬರಲಿಲ್ಲ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಮಗಳೇ,

(ಸೊಸೆ ಎಂದು ಬರೆದು ನೋಡಿದೆ, ಯಾವುದೋ ಕಚೇರಿಯ ಅರ್ಜಿಯ ಹಾಗೆ ಕಂಡಿತು. ಅದಕ್ಕೇ ಹೀಗೆ.)

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತಾ? ಎಕ್ಸ್‌ರೇ ಕೋಣೆಯಲ್ಲಿ ತರಬೇತಿ ಅಂತ ಆ ಸೀಸದ ಕೋಟು ಹೊತ್ತುಕೊಂಡು ಬೆಳಗಿಂದ ಸಂಜೆತನಕ ನಿಂತರೆ ಕತ್ತು ನೋಯದೆ ಇನ್ನೇನು ಮಾಡುತ್ತೆ. ಮಲಗುವಾಗ ದಿಂಬು ತೆಗೆದುಬಿಡು, ಒಂದು ವಾರ ಮಾಡಿ ನೋಡು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ ಎಂದು ನೀನು ಫೋನಿನಲ್ಲಿ ಹೇಳಿದೆ, ನಾನು ನಂಬಲಿಲ್ಲ. ಪುಟ್ಟಿಯ ಮುಂದಿನ ಹಲ್ಲು ಕೊನೆಗೂ ಬಿತ್ತು. ಅಮ್ಮ ಬಂದಮೇಲೆ ಅದರ ಫೋಟೋ ತೆಗೆಯಬೇಕು, ಒಳಗೆ ಏನಿದೆ ಅಂತ ನೋಡಬೇಕು ಎಂದು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟುಕೊಂಡಿದ್ದಾಳೆ. ನಿನ್ನ ಕೆಲಸ ಏನೆಂದು ಈ ಮನೆಯಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡಿರುವವಳು ಅವಳೊಬ್ಬಳೇ. ನನ್ನ ಮಂಡಿ ಹೋದ ತಿಂಗಳು ಹೇಗಿತ್ತೋ ಹಾಗೇ ಇದೆ. ನಿನ್ನ ಗಂಡ ಆರೋಗ್ಯವಾಗಿದ್ದಾನೆ, ಅಂಗಡಿಯಲ್ಲಿ ಕೂತು ಕೂತು ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಅವನ ವಿಷಯವೇ ಈ ಕಾಗದದಲ್ಲಿ ಜಾಸ್ತಿ ಬರುತ್ತೆ, ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡುವ ಹೊತ್ತಿಗೆ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಜೊತೆಗೆ, ಜೀವಮಾನವೆಲ್ಲ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಫೋನು ಜೋಡಿಸಿಕೊಟ್ಟವಳಿಗೆ ಫೋನಿನ ಮೇಲೆ ಅಷ್ಟೇನೂ ನಂಬಿಕೆ ಉಳಿದಿರುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಒಂದೇ: ಎರಡೂ ಕಡೆಯವರ ಮಾತು ಕಿವಿಗೆ ಬೀಳುತ್ತೆ, ನೀನು ಮಾತ್ರ ಬಾಯಿ ಹಾಕಬಾರದು. ಈ ಎರಡು ವಾರ ನಾನು ಬಾಯಿ ಹಾಕಿದ್ದೇನೆ. ಹೇಗೆ ಎಂದು ಮೊದಲಿಂದ ಹೇಳುತ್ತೇನೆ.

ನಮ್ಮ ಬಸ್ ಸ್ಟಾಪು ಜಾಗ ಬದಲಾಯಿಸಿದ್ದು ನಿನಗೆ ಗೊತ್ತೇ ಇದೆ, ಅದು ನೀನು ಇಲ್ಲಿದ್ದಾಗಲೇ ಆಗಿದ್ದು. ಇವನ ಅಂಗಡಿಯ ಎದುರಿಗಿದ್ದದ್ದನ್ನು ಕಿತ್ತು, ರೈಲು ಹಳಿಯ ಆಚೆ ಗ್ಲೌಸ್ ಫ್ಯಾಕ್ಟರಿಯ ಹುಡುಗಿಯರ ಹಾಸ್ಟೆಲ್ ಗೇಟಿನ ಹತ್ತಿರ ನೆಟ್ಟರು. ಕತ್ತಲಾದಮೇಲೆ ಆ ಹಳಿ ದಾಟಿ ಬರುವುದು ಕಷ್ಟ ಎಂದು ಆ ಹುಡುಗಿಯರು ಅರ್ಜಿ ಕೊಟ್ಟಿದ್ದರು. ಮೊದಲು ಎಷ್ಟೋ ಸಲ ಕೊಟ್ಟಿದ್ದರಂತೆ, ಯಾರೂ ತಿರುಗಿ ನೋಡಿರಲಿಲ್ಲ. ಹೋದ ಚುನಾವಣೆಯಲ್ಲಿ ಅವರೆಲ್ಲ ಒಟ್ಟಾಗಿ ಬಂದು ಮತ ಹಾಕಿದರು, ಗೆದ್ದವರು ಮೊದಲ ತಿಂಗಳಲ್ಲೇ ಸ್ಟಾಪು ಎತ್ತಿಸಿಕೊಟ್ಟರು. ಮತ ಹಾಕಿದರೆ ಹೀಗೂ ಆಗುತ್ತೆ ಎಂದು ನನ್ನ ವಯಸ್ಸಿಗೆ ಮೊದಲ ಸಲ ಕಣ್ಣಾರೆ ನೋಡಿದೆ. ಆದರೆ ಬಸ್ಸಿಗೆ ಕಾಯುವವರು ಇಲ್ಲದಮೇಲೆ ಬಿಸ್ಕತ್ತು, ಪೇಪರು, ಸೋಡಾ ಕೇಳುವವರೂ ಇಲ್ಲ. ಇವನು ಅಂಗಡಿಯಲ್ಲಿ ಕೂತು ಖಾಲಿ ರಸ್ತೆ ನೋಡುವುದನ್ನು ನಾನೂ ನೋಡಿದ್ದೇನೆ. ಹೆತ್ತವಳಿಗೆ ಅದೇನು ಸಂತೋಷದ ದೃಶ್ಯವಲ್ಲ.

ಆ ಮತದಾನದ ದಿನ ನಿನಗೆ ನೆನಪಿರಬೇಕು, ನಾವಿಬ್ಬರೂ ಒಟ್ಟಿಗೇ ನಿಂತಿದ್ದೆವು. ಗಂಡಸರ ಸಾಲು ಟೀ ಕುಡಿದು ಮುಗಿಸುವಷ್ಟರಲ್ಲಿ ಕರಗಿಹೋಯಿತು, ಹೆಂಗಸರ ಸಾಲು ಶಾಲೆಯ ಕಾಂಪೌಂಡು ಸುತ್ತಿ ಹಿಂದಿನ ಗಲ್ಲಿತನಕ ಹೋಗಿತ್ತು. ನಮ್ಮ ಬೀದಿಯ ಗಂಡಸರು ಅರ್ಧಕ್ಕರ್ಧ ಬಂದರಿನ ಕೆಲಸಕ್ಕೆ, ಲಾರಿ ಕೆಲಸಕ್ಕೆ ಹೊರಟುಹೋಗಿ ವರ್ಷಗಳಾದವು. ಬದಲಿಗೆ ಬಂದವರು ಈ ಹುಡುಗಿಯರು. ನಾನು ಅದನ್ನು ಸಾಲು ಉದ್ದವಾಗಿದೆ, ಮಂಡಿ ನೋಯುತ್ತಿದೆ ಎಂದಷ್ಟೇ ಗಮನಿಸಿದ್ದೆ. ಲೆಕ್ಕ ಬರುವವರು ಬೇರೆ ರೀತಿ ಗಮನಿಸಿದ್ದರು. ಪೆಟ್ರೋಲ್ ಬಂಕಿನವರು ಇದ್ದಾರಲ್ಲ, ಅವರು ಅಧ್ಯಕ್ಷರಾಗಿ ಹಳೇ ನಿವಾಸಿಗಳ ಸಂಘ ಅಂತ ಒಂದು ಹುಟ್ಟಿತು. ನಿನ್ನ ಗಂಡ ಕಾರ್ಯದರ್ಶಿ. ಸಭೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲೇ ನಡೆಯುತ್ತಿತ್ತು, ಟೀ ನಾನೇ ಮಾಡಿ ಕಳಿಸುತ್ತಿದ್ದೆ. ನಿನ್ನೆ ಮೊನ್ನೆ ಬಂದವರು ನಮ್ಮ ಊರನ್ನ ಆಳ್ತಿದ್ದಾರೆ ಅನ್ನುವ ಮಾತು ಬಾಗಿಲು ದಾಟಿ ಬರುತ್ತಿತ್ತು. ಬರೀ ಬಸ್ ಸ್ಟಾಪಿಗೆ ಇಷ್ಟೊಂದು ಮಾತೇ ಎಂದುಕೊಂಡು ನಾನು ಲೋಟ ತೊಳೆಯುತ್ತಿದ್ದೆ.

ಈ ಸಲ ಮತದಾರರ ಪಟ್ಟಿ ಪರಿಷ್ಕರಣೆಗೆ ಹೊಸ ನಿಯಮ ಬಂತು. ಯಾವ ಮತದಾರ ಬೇಕಾದರೂ ಇನ್ನೊಬ್ಬರ ಹೆಸರಿಗೆ ತಕರಾರು ಕೊಡಬಹುದು. ಕೊಟ್ಟವನು ಏನನ್ನೂ ರುಜುವಾತು ಮಾಡಬೇಕಾಗಿಲ್ಲ. ಯಾರ ಮೇಲೆ ಕೊಟ್ಟರೋ ಅವರೇ ಹೇಳಿದ ದಿನ ಬಂದು, ನಾನು ನಾನೇ, ನಾನು ಇಲ್ಲೇ ಇದ್ದೇನೆ ಎಂದು ತೋರಿಸಬೇಕು. ಬರದಿದ್ದರೆ ಹೆಸರು ಹೋಯಿತು. ಸಂಘದವರು ತಕರಾರು ಕೊಟ್ಟರು, ನೋಟಿಸುಗಳು ಬರತೊಡಗಿದವು. ಹಾಸ್ಟೆಲಿನ ಹುಡುಗಿಯರಿಗೆ, ಇಲ್ಲಿ ಖಾಯಂ ವಾಸವಿಲ್ಲ ಎಂದು. ಮದುವೆಯಾಗಿ ಬಂದವರಿಗೆ, ತವರಿನ ಕಾಗದದಲ್ಲಿರುವ ಹೆಸರಿಗೂ ಇಲ್ಲಿನ ಹೆಸರಿಗೂ ತಾಳೆಯಿಲ್ಲ ಎಂದು. ಹೆಸರು ಬದಲಾಯಿಸಿಕೊಂಡವರಿಗೆ ಯಾಕೆ ಬದಲಾಯಿಸಿಕೊಂಡಿರಿ ಎಂದು, ಬದಲಾಯಿಸಿಕೊಳ್ಳದವರಿಗೆ ಯಾಕೆ ಇಲ್ಲ ಎಂದು. ದೂರ ಹೋದ ಗಂಡಸರ ಹೆಸರಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಗಂಡಸು ದೂರ ಹೋದರೆ ದುಡಿಯೋಕೆ ಹೋಗಿದ್ದಾನೆ, ಹೆಂಗಸು ದೂರ ಹೋದರೆ ಊರು ಬಿಟ್ಟಿದ್ದಾಳೆ.

ನನಗೆ ನೋಟಿಸ್ ಬರಲಿಲ್ಲ. ಮೊದಮೊದಲು ಅಂಚೆಯವನು ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದೆ. ನನ್ನ ಪಿಂಚಣಿ ಪುಸ್ತಕದಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು, ನಿನ್ನ ಮಾವನವರು ಬರೆಸಿದ ಮನೆಪತ್ರದಲ್ಲಿ ಮೂರನೆಯದು. ತಕರಾರಿಗೆ ನನ್ನಷ್ಟು ಯೋಗ್ಯಳಾದವಳು ಈ ಬೀದಿಯಲ್ಲೇ ಇಲ್ಲ. ಕೊನೆಗೆ ಊಟಕ್ಕೆ ಕೂತಾಗ ಇವನನ್ನೇ ಕೇಳಿದೆ, ನನ್ನನ್ನು ಯಾಕಪ್ಪ ಬಿಟ್ಟಿರಿ ಎಂದು. ಅವನು ನಕ್ಕುಬಿಟ್ಟ. "ನಿನ್ನದೇನಮ್ಮಾ ತೊಂದರೆ, ನೀನು ಮನೆಯವರು ಹೇಳಿದ ಕಡೆಗೇ ಹಾಕ್ತೀಯಲ್ಲ" ಅಂದ. ತಮಾಷೆಗೆ ಹೇಳಿದ ಮಾತಲ್ಲ, ಪ್ರೀತಿಯಿಂದಲೇ ಹೇಳಿದ. ನಾನು ಅವನಿಗೆ ಇನ್ನೊಂದು ಸ್ವಲ್ಪ ಬಡಿಸಿದೆ. ಆದರೆ ಆಮೇಲೆ ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ಮತ್ತೆ ಬಂದು ಹೋಯಿತು. ಇಷ್ಟು ವರ್ಷ ಮತಗಟ್ಟೆಯ ಆ ರಟ್ಟಿನ ಮರೆಯಲ್ಲಿ ನಾನು ಯಾರಿಗೆ ಹಾಕಿದೆ ಎಂದು ಇವನಿಗಾಗಲಿ ಇವನ ಅಪ್ಪನಿಗಾಗಲಿ ಹೇಳಿದ್ದೇ ಇಲ್ಲ. ಅವರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಕಂಡಿಲ್ಲ ಎಂದು ಈಗ ಗೊತ್ತಾಯಿತು.

ಪಕ್ಕದ ಮನೆಯ ಟೀಚರಮ್ಮನಿಗೆ ನೋಟಿಸ್ ಬಂದಿತ್ತು. ಒಬ್ಬರೇ ಹೋಗುವುದು ಬೇಜಾರು, ಜೊತೆಗೆ ಬನ್ನಿ ಅಕ್ಕಾ ಎಂದು ಕರೆದರು, ಹೋದೆ. ವಿಚಾರಣೆ ಪುಟ್ಟಿಯ ಶಾಲೆಯಲ್ಲೇ. ಮಕ್ಕಳಿಗೆ ರಜೆ. ದೊಡ್ಡವರೆಲ್ಲ ಎರಡನೇ ಕ್ಲಾಸಿನ ಬೆಂಚುಗಳಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. (ನನ್ನ ಬೆಂಚಲ್ಲಿ ಯಾರು ಕೂತಿದ್ರು ಎಂದು ಪುಟ್ಟಿ ಸಂಜೆ ಕೇಳಿದಳು. ಪೆಟ್ರೋಲ್ ಬಂಕಿನವರು ಅಂದೆ. ಅವಳಿಗೆ ಇಷ್ಟವಾಗಲಿಲ್ಲ.) ಅಧಿಕಾರಿ ಚಿಕ್ಕ ವಯಸ್ಸಿನವರು, ಜೋರು ನೆಗಡಿ, ಎರಡು ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಕೆಟ್ಟವರೇನಲ್ಲ, ಯಾರ ಮೇಲೂ ದನಿ ಎತ್ತಲಿಲ್ಲ. ಟೀಚರಮ್ಮನಿಗೆ ಮದುವೆಯ ದಾಖಲೆ ತನ್ನಿ ಅಂದರು. ಅವರು ಮದುವೆಯಾದಾಗ ದಾಖಲೆ ಮಾಡಿಸುವ ಅಭ್ಯಾಸವೇ ಇರಲಿಲ್ಲ, ಮದುವೆಯಾದ ಛತ್ರ ಈಗ ಸಿಮೆಂಟಿನ ಗೋದಾಮು, ಗಂಡ ತೀರಿಕೊಂಡಿದ್ದಾರೆ. ಹಾಗಾದರೆ ಕೋರ್ಟಿನಿಂದ ಪ್ರಮಾಣಪತ್ರ ಮಾಡಿಸಿ ನಾಳೆ ಬನ್ನಿ ಅಂದರು. ಮಾಡಿಸಿಕೊಂಡು ಹೋದರೆ ಅದರಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪು, ತಿದ್ದಿಸಿಕೊಂಡು ಸೋಮವಾರ ಬನ್ನಿ. ಸೋಮವಾರ ಅಧಿಕಾರಿ ಬೇರೆ ಊರಿಗೆ ಹೋಗಿದ್ದರು. ಟೀಚರಮ್ಮ ಶಾಲೆಯ ಮೆಟ್ಟಿಲಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ, "ಬಿಡಿ ಅಕ್ಕಾ, ನನ್ನೊಬ್ಬಳ ಓಟಿಂದ ಏನು ಮುಳುಗಿಹೋಗುತ್ತೆ" ಅಂದು ಎದ್ದರು. ಮತ್ತೆ ಹೋಗಲಿಲ್ಲ. ನಿಮಗೆ ಓಟಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ ನೋಡು. ನಾಳೆ ಬನ್ನಿ ಅಂದರು, ಅಷ್ಟೇ.

ಹಾಸ್ಟೆಲಿನವರ ಕಷ್ಟ ಇನ್ನೊಂದು ಥರ. ವಿಚಾರಣೆ ಕೆಲಸದ ದಿನಗಳಲ್ಲಿ. ಪಾಳಿ ಬಿಟ್ಟು ಬಂದರೆ ಸಂಬಳ ಕಟ್ಟು, ಹೆಚ್ಚು ದಿನ ಬಿಟ್ಟರೆ ಕೆಲಸವೇ ಕಟ್ಟು. ಆದರೂ ಮೊದಲ ದಿನ ಒಂದು ಗುಂಪು ಬಂದಿತ್ತು, ಕೈಗೆಲ್ಲ ಗ್ಲೌಸಿನ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅವರಲ್ಲೊಬ್ಬಳಿಗೆ ಸೊಂಟ ದಾಟುವ ಜಡೆ, ನಾನು ಮನಸ್ಸಿನಲ್ಲೇ ಉದ್ದಜಡೆ ಎಂದು ಹೆಸರಿಟ್ಟೆ. ಹಾಸ್ಟೆಲ್ ಮನೆಯಲ್ಲ, ಖಾಯಂ ವಿಳಾಸ ಹೇಳಿ ಎಂದು ಅಧಿಕಾರಿ ಕೇಳಿದರು. ಅವಳು ಎದ್ದು ನಿಂತು, "ನಮ್ಮೂರಲ್ಲಿ ಹೋಗಿ ಕೇಳಿದರೆ ನೀನು ಇಲ್ಲಿ ಇರೋದಿಲ್ಲ ಅಂತ ಹೆಸರು ತೆಗೆದುಹಾಕಿದ್ದಾರೆ ಸಾರ್. ಇಲ್ಲಿ ಕೇಳಿದರೆ ಇಲ್ಲೂ ಇಲ್ಲ ಅಂತೀರಿ. ಹಾಗಾದರೆ ನಾನು ಎಲ್ಲಿದ್ದೀನಿ, ನೀವೇ ಹೇಳಿ" ಅಂದಳು. ಜಗಳದ ದನಿಯಲ್ಲ, ನಿಜವಾಗಿ ಗೊತ್ತಿಲ್ಲದವಳು ದಾರಿ ಕೇಳಿದ ಹಾಗಿತ್ತು. ಅಧಿಕಾರಿ ಮೂಗು ಒರೆಸಿಕೊಂಡು ನಿಯಮದ ಹಾಳೆ ತಿರುಗಿಸಿದರು. ತಕರಾರಿಲ್ಲದ ಇದೇ ವಾರ್ಡಿನ ಮತದಾರರು ಯಾರಾದರೂ ಬಂದು, ಈಕೆ ಇಲ್ಲೇ ವಾಸವಾಗಿದ್ದಾಳೆ ಎಂದು ಎದುರಿಗೆ ಸಹಿ ಹಾಕಿದರೆ ಒಪ್ಪಬಹುದು, ಆದರೆ ಸಾಕ್ಷಿ ಹೇಳುವವರು ಮನೆಯವರಾಗಿರಬಾರದು ಎಂದು ಓದಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿದ್ದವರೆಲ್ಲರ ಮೇಲೂ ತಕರಾರಿತ್ತು.

ನಾನು ಟೀಚರಮ್ಮನ ಚೀಲ ಹಿಡಿದುಕೊಂಡು ಕೊನೆಯ ಬೆಂಚಿನಲ್ಲಿದ್ದೆ. ಆ ಕ್ಷಣದಲ್ಲಿ ನನಗೆ ದೊಡ್ಡ ಯೋಚನೆ ಏನೂ ಬರಲಿಲ್ಲ, ಅದನ್ನು ನಿನಗೆ ಹೇಳಿಬಿಡಬೇಕು. ಹಕ್ಕು, ನ್ಯಾಯ ಯಾವುದೂ ಅಲ್ಲ. ಕೇಳಿದ್ದು ಸುಲಭವಾದ ಪ್ರಶ್ನೆ, ಅದಕ್ಕೆ ಉತ್ತರ ನನಗೆ ಗೊತ್ತಿತ್ತು, ಅಷ್ಟೇ. ಈ ಹುಡುಗಿಯರು ದಿನಾ ನಮ್ಮ ಕಿಟಕಿಯ ಮುಂದೆ ಹಾದುಹೋಗುತ್ತಾರೆ, ನಾನು ಕೊಳ್ಳುವ ಗಾಡಿಯಲ್ಲೇ ತರಕಾರಿ ಕೊಳ್ಳುತ್ತಾರೆ, ನನಗಿಂತ ಜೋರಾಗಿ ಚೌಕಾಸಿ ಮಾಡುತ್ತಾರೆ. ಎದ್ದು ಮೇಜಿನ ಹತ್ತಿರ ಹೋಗಿ, ನನ್ನ ಮೇಲೆ ತಕರಾರಿಲ್ಲ, ನಾನು ಸಹಿ ಹಾಕ್ತೀನಿ ಅಂದೆ. ಅಧಿಕಾರಿ ನನ್ನ ಚೀಟಿ ನೋಡಿದರು. "ಇವರೆಲ್ಲ ನಿಮಗೆ ಏನಾಗಬೇಕು?" ಎಂದು ಕೇಳಿದರು. "ಏನೂ ಆಗಬೇಕಾಗಿಲ್ಲ. ಏನಾದರೂ ಆಗಿದ್ದರೆ ನೀವೇ ಸಾಕ್ಷಿ ನಡೆಯಲ್ಲ ಅಂತಿದ್ದಿರಲ್ಲ" ಅಂದೆ. ಅವರಿಗೆ ನಗು ಬಂತೋ ಸೀನು ಬಂತೋ ತಿಳಿಯಲಿಲ್ಲ. ಒಬ್ಬೊಬ್ಬಳಾಗಿ ಬಂದು ನಿಂತರು. ನಾನು ಮುಖ ನೋಡಿ, ಹೌದು, ಇವಳು ಇಲ್ಲೇ ಇದ್ದಾಳೆ ಎಂದು ಹೇಳಿ ಸಹಿ ಹಾಕಿದೆ. ಇಬ್ಬರನ್ನು ನಾನು ನೋಡಿದ ನೆನಪಿರಲಿಲ್ಲ, ಹಾಗೇ ಹೇಳಿದೆ. ಅವರ ಮುಖ ಸಣ್ಣದಾಯಿತು, ಆದರೆ ನೋಡದವರನ್ನು ನೋಡಿದ್ದೇನೆ ಎಂದರೆ ಉಳಿದವರದ್ದೂ ಬಿದ್ದುಹೋಗುತ್ತಿತ್ತು.

ಸಂಘದವರು ಕಿಟಕಿಯ ಕಡೆ ಕೂತಿದ್ದರು. ನಿನ್ನ ಗಂಡ ಅಂಗಡಿಗೆ ಬೀಗ ಹಾಕಿ ಆಗಷ್ಟೇ ಒಳಗೆ ಬಂದ. ತಕರಾರು ಕೊಟ್ಟವರ ಕುರ್ಚಿ ಅವನದು, ಸಾಕ್ಷಿಯ ಕುರ್ಚಿ ನನ್ನದು, ನಡುವೆ ಒಂದು ಮೇಜು. ಅವನು ಮೊದಲು ನನ್ನನ್ನು ಬೇರೆ ಯಾರೋ ಅಂದುಕೊಂಡವನ ಹಾಗೆ ನೋಡಿದ. ಆಮೇಲೆ ಹತ್ತಿರ ಬಂದು ಬಗ್ಗಿ, "ಅಮ್ಮಾ, ಮನೆಗೆ ನಡಿ" ಅಂದ. ಚಿಕ್ಕವನಿದ್ದಾಗ ಮದುವೆ ಮನೆಗಳಲ್ಲಿ ನಿದ್ದೆ ಬಂದರೆ ಹೀಗೇ ಬಂದು ಕಿವಿಯಲ್ಲಿ ಹೇಳುತ್ತಿದ್ದ. "ಇನ್ನೂ ನಾಲ್ಕೈದು ಜನ ಇದ್ದಾರೆ ಮರಿ, ಮುಗಿಸಿ ಬರ್ತೀನಿ. ನೀನು ಹೋಗಿ ಹಾಲು ಕಾಯಿಸಿಡು" ಅಂದೆ. ಪೆಟ್ರೋಲ್ ಬಂಕಿನವರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ಅವನು ಕುರ್ಚಿಯಲ್ಲಿ ಕೂರಲಿಲ್ಲ, ಹೊರಗೆ ಹೋಗಲೂ ಇಲ್ಲ. ಕಪ್ಪುಹಲಗೆಗೆ ಬೆನ್ನು ಕೊಟ್ಟು, ನಾನು ಹಾಕುವ ಒಂದೊಂದು ಸಹಿಯನ್ನೂ ನೋಡುತ್ತಾ ನಿಂತಿದ್ದ. ನಾನು ಎದ್ದು ಹೊರಡುವಾಗ ನೋಡಿದರೆ ಅವನ ಶರಟಿನ ಬೆನ್ನಿಗೆಲ್ಲ ಸೀಮೆಸುಣ್ಣ.

ಮನೆಯಲ್ಲಿ ಕೂಗಾಟವೇನೂ ಆಗಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು, "ನಿನ್ನ ಮಗನ ಅಂಗಡಿಗಿಂತ ಅವರು ಹೆಚ್ಚಾದರಾ ನಿನಗೆ?" ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ, ಅವನ ಅಂಗಡಿ ಇವತ್ತು ನಿಂತುಹೋದರೆ ನಾವೆಲ್ಲ ಏನು ಮಾಡುವುದು ಎಂದು ನಾನೂ ಯೋಚಿಸಿದ್ದೇನೆ. "ಅಂಗಡಿ ಉಳಿಸಿಕೊಳ್ಳೋಕೆ ಸ್ಟಾಪಿನ ಹತ್ತಿರ ಒಂದು ಗಾಡಿ ಇಡು, ನಾನೇ ಬಂದು ಕೂರ್ತೀನಿ. ಅಂಗಡಿ ಉಳಿಯೋಕೆ ಅವರ ಹೆಸರು ಹೋಗಬೇಕು ಅಂದರೆ ನನಗೆ ಲೆಕ್ಕ ಅರ್ಥವಾಗಲ್ಲ" ಅಂದೆ. ಅವನು, "ಇವತ್ತು ಬಸ್ ಸ್ಟಾಪು, ನಾಳೆ ಇನ್ನೇನೋ. ನಾವು ಹುಟ್ಟಿದ ಜಾಗದಲ್ಲಿ ನಮ್ಮ ಮಾತೇ ನಡೆಯಲ್ಲ ಅಂದರೆ ಹೇಗಮ್ಮಾ" ಅಂದ. ಆಗ ನನಗೆ ಸ್ವಲ್ಪ ಸಿಟ್ಟೇ ಬಂತು. "ನಾನು ಈ ಮನೆಗೆ ಬಂದಾಗಿನಿಂದ ನನ್ನ ಮಾತು ಎಷ್ಟು ನಡೆದಿದೆ? ನಡೆಯದೇ ಇದ್ದರೂ ಬದುಕಬಹುದು ಮರಿ, ಸಾಯೋದೇನಿಲ್ಲ" ಅಂದೆ. ಅವನು ಎದ್ದು ಒಳಗೆ ಹೋದ. ಆದರೆ ಮಲಗುವ ಮೊದಲು ಎಂದಿನ ಹಾಗೆ ನನ್ನ ಮಂಡಿಗೆ ಬಿಸಿನೀರಿನ ಚೀಲ ತುಂಬಿಸಿ ತಂದಿಟ್ಟ. ಇವನು ಇಂಥವನು, ನಿನಗೆ ಗೊತ್ತಲ್ಲ. ಪೂರ್ತಿ ಬೈಯೋಕೂ ಬಿಡಲ್ಲ.

ಈಗ ಆಗಿರುವುದು ಇಷ್ಟು. ಹಾಸ್ಟೆಲಿನವರಲ್ಲಿ ಬಂದು ನಿಂತವರ ಹೆಸರು ಹೆಚ್ಚುಕಡಿಮೆ ಎಲ್ಲವೂ ಉಳಿದವು. ಪಾಳಿ ಬಿಡಲಾಗದೆ ಬರದೇ ಹೋದವರದು ಹೋಯಿತು. ಟೀಚರಮ್ಮನದು ಹೋಯಿತು. ಹಿಂದಿನ ಗಲ್ಲಿಯ ಟೈಲರ್ ಹೆಂಡತಿ ಮೂರು ಸಲ ಅಲೆದು ಉಳಿಸಿಕೊಂಡಳು. ಗೆದ್ದೆವು ಎನ್ನುವಂಥದ್ದೂ ಅಲ್ಲ, ಸೋತೆವು ಎಂದು ಅಳುವಂಥದ್ದೂ ಅಲ್ಲ. ಬೀದಿಯಲ್ಲಿ ಕೆಲವರು ನನ್ನನ್ನು ಮಾತಾಡಿಸುವುದು ಬಿಟ್ಟಿದ್ದಾರೆ, ಅದರಲ್ಲಿ ಒಂದಿಬ್ಬರು ಮೊದಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಉದ್ದಜಡೆ ನಿನ್ನೆ ಮನೆಗೆ ಬಂದಿದ್ದಳು, ಬಾಗಿಲಲ್ಲೇ ನಿಂತು ಪುಟ್ಟಿಗೆ ಒಂದು ರಬ್ಬರ್ ಗ್ಲೌಸ್ ಊದಿಕೊಟ್ಟಳು. ನಿನ್ನ ಗಂಡ ಒಳಗಿದ್ದ. ಕೆಮ್ಮಿದ, ಹೊರಗೆ ಬರಲಿಲ್ಲ.

ನೀನು ಓದುವುದು ಚೆನ್ನಾಗಿ ಓದು. ಚಳಿಗೆ ಕಿವಿ ಮುಚ್ಚಿಕೋ. ಜೊತೆಗಿರುವ ಹುಡುಗಿಯರಿಗೆಲ್ಲ ನಾನು ಕೇಳಿದೆ ಎಂದು ಹೇಳು. ನಿನಗೆ ಒಳ್ಳೆಯದಾಗಲಿ, ಹಿಡಿದ ಕೆಲಸ ಕೈಗೆ ಹತ್ತಲಿ ಎಂದು ಹಾರೈಸುತ್ತೇನೆ. ಪುಟ್ಟಿ ಇಲ್ಲಿ ಕೆಳಗೆ ಒಂದು ಮುತ್ತು ಬರೆದಿದ್ದಾಳೆ, ಶಾಯಿ ಹರಡಿ ಕೋಳಿಯ ಹಾಗೆ ಕಾಣುತ್ತಿದೆ, ಮುತ್ತೆಂದೇ ತಿಳಿದುಕೋ.

ನಿನ್ನ ದಾರಿ ನೋಡುವ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಎರಡನೇ ಸುತ್ತಿನ ತಕರಾರುಗಳನ್ನು ಶಾಲೆಯ ಹಲಗೆಗೆ ಅಂಟಿಸಿದ್ದಾರೆ, ನಿನ್ನ ಹೆಸರೂ ಇದೆ. ಗಂಡನ ಮನೆಯಲ್ಲಿ ವಾಸವಿಲ್ಲ, ಊರು ಬಿಟ್ಟಿದ್ದಾರೆ ಅಂತ ಬರೆದಿದೆ. ಕೊಟ್ಟವನು ಇವನೇ. ನಾನು ಸಾಕ್ಷಿಗೆ ಕೂತ ಮಾರನೇ ದಿನ ಸಂಘದವರು, ಮೊದಲು ನಿನ್ನ ಮನೆ ಸರಿಮಾಡಿಕೋ ಎಂದು ಹಂಗಿಸಿದರಂತೆ. ಅಮ್ಮನ ಮೇಲೆ ಕೊಡಲು ಮನಸ್ಸು ಬರಲಿಲ್ಲ, ನೀನು ದೂರ ಇದ್ದೆ. "ವಾಪಸ್ ಬಂದಮೇಲೆ ಸೇರಿಸಿದರಾಯ್ತು ಬಿಡು" ಅಂತಾನೆ. ಬರುವ ಶುಕ್ರವಾರ ಬೆಳಿಗ್ಗೆ ವಿಚಾರಣೆ, ನೀನೇ ಬಂದು ನಿಲ್ಲಬೇಕು. ನಾನು ಮನೆಯವಳು, ನನ್ನ ಸಾಕ್ಷಿ ನಡೆಯಲ್ಲ. ಈಗ ತಕರಾರು ತೀರಿದ ಉದ್ದಜಡೆ ಪಾಳಿ ಬದಲಾಯಿಸಿಕೊಂಡು ಬಂದು ಸಹಿ ಹಾಕುತ್ತಾಳಂತೆ, ಬೆಳಿಗ್ಗೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದಳಂತಲ್ಲ, ನೀನು ಹೇಳಲೇ ಇಲ್ಲ. ಫೋನ್ ಮಾಡಿ ಇವನ ಹತ್ತಿರ ಜಗಳ ತೆಗೆಯಬೇಡ, ನೀನು ಬರುವುದು ಅವನಿಗೆ ಮುಂಚೆ ಗೊತ್ತಾಗುವುದು ಬೇಡ. ಜಗಳವನ್ನು ಶುಕ್ರವಾರ ಮಧ್ಯಾಹ್ನದ ಮೇಲೆ ಇಟ್ಟುಕೋ, ಆ ಹೊತ್ತಿಗೆ ಪುಟ್ಟಿಯನ್ನು ನಾನು ಪಾರ್ಕಿಗೆ ಕರೆದುಕೊಂಡು ಹೋಗಿರುತ್ತೇನೆ.